ಆಲಿಕಲ್ಲಿನ ಜೋಡೆತ್ತು

ಮದುವೆಮನೆಗೆ ಹೋದವರು ಮೊದಲು ಮದುಮಕ್ಕಳನ್ನು ನೋಡುತ್ತಾರೆ, ಆಮೇಲೆ ಬೀಗರ ಮೈಮೇಲಿನ ಒಡವೆ ನೋಡುತ್ತಾರೆ, ಅದೂ ಮುಗಿಯಿತೆಂದರೆ ಅಡಿಗೆಯವರ ಕಡೆ ಮೂಗು ತಿರುಗಿಸುತ್ತಾರೆ. ನಾನು ಕಳೆದ ಬೇಸಿಗೆಯಲ್ಲಿ ಒಂದು ಮದುವೆಗೆ ಹೋಗಿ ಗೋಣಿಚೀಲ ನೋಡುತ್ತ ಕುಳಿತುಬಿಟ್ಟೆ. ನಗಬೇಡಿ. ಆ ಗೋಣಿಚೀಲದಲ್ಲಿ ಬರ್ಫವಿತ್ತು.

ಯುದ್ಧದ ಕಾಲದ ಮದುವೆ. ಸಕ್ಕರೆ ರೇಷನ್ನಿನಲ್ಲಿ ಸಿಕ್ಕಷ್ಟೇ. ಹಾಗಾಗಿ ಲಿಂಬೆ ಶರಬತ್ತಿನಲ್ಲಿ ಸಿಹಿ ಕಡಿಮೆಯಾಗಿತ್ತು. ಸಿಹಿಯ ಕೊರತೆಯನ್ನು ತಂಪಿನಿಂದ ಮುಚ್ಚಿಬಿಡೋಣ ಎಂದು ನಮ್ಮ ಗಂಡಸರು ಯೋಚನೆ ಮಾಡಿ, ಪುಣೆಯ ಲಷ್ಕರದ, ಎಂದರೆ ದಂಡಿನ ಪ್ರದೇಶದ ಕಡೆಯಿಂದ ಒಂದು ದೊಡ್ಡ ಬರ್ಫದ ಗಡ್ಡೆ ತರಿಸಿದ್ದರು. ಅದು ಟಾಂಗಾದಲ್ಲಿ ಕುಳಿತು, ಮೈತುಂಬ ಕಟ್ಟಿಗೆಯ ಹೊಟ್ಟು ಮೆತ್ತಿಕೊಂಡು, ಗೋಣಿಚೀಲ ಹೊದ್ದು, ದಾರಿಯುದ್ದಕ್ಕೂ ನೀರು ಸುರಿಸುತ್ತ ಮದುವೆಮನೆಗೆ ಬಂತು. ಬೀಗರಿಗೆ ಸಿಕ್ಕ ಮರ್ಯಾದೆಯೇ ಅದಕ್ಕೂ ಸಿಕ್ಕಿತು. ಹಿತ್ತಲಿನ ನೆರಳಿನಲ್ಲಿ ಇಳಿಸಿ, ಯಾರೂ ಮುಟ್ಟಬೇಡಿ ಎಂದು ಹೇಳಿ ಹೋದರು. ಮುಟ್ಟಬೇಡಿ ಎಂದಮೇಲೆ ನಾನು ಮುಟ್ಟದೆ ಇರುವವಳಲ್ಲ. ತಲೆಯಲ್ಲಿ ಎರಡು ಬೆಳ್ಳಿಕೂದಲು ಕಂಡ ಹೆಂಗಸು ತಾಂಬೂಲದ ತಟ್ಟೆ ಜೋಡಿಸುವುದು ಬಿಟ್ಟು, ಗೋಣಿಯ ತೂತಿನಲ್ಲಿ ಹೆಬ್ಬೆರಳು ತೂರಿಸಿ ಕುಳಿತದ್ದನ್ನು ಕಂಡು ಪಾತ್ರೆ ತೊಳೆಯುವವಳು ಕೂಡ ನಕ್ಕಳು.

ಮದುವೆ ನಮ್ಮ ಬಳಗದ ಹುಡುಗಿಯದೇ. ಯಾರ ಮಗಳು ಎಂಬುದನ್ನು ಕಡೆಗೆ ಹೇಳುತ್ತೇನೆ. ಈಗ ಹೇಳಿದರೆ ನೀವು ಮುಂದೆ ಓದುವುದಿಲ್ಲ.

ಹೆಬ್ಬೆರಳು ಮರಗಟ್ಟುವಷ್ಟರಲ್ಲಿ ನನಗೆ ನಮ್ಮ ಕಸಬಾ ಪೇಠೆಯ ವಾಡೆಯ ಅಂಗಳ ನೆನಪಾಯಿತು. ಪುಣೆಯ ಹಳೆಯ ವಾಡೆಗಳನ್ನು ನೋಡಿದವರಿಗೆ ಗೊತ್ತು: ಹೊರಗೆ ದೊಡ್ಡ ಬಾಗಿಲು, ಒಳಗೆ ಚೌಕದ ಅಂಗಳ, ಸುತ್ತ ಮೂರು ನಾಲ್ಕು ಬಿಡಾರ. ಅದರಲ್ಲಿ ಕತ್ತಲೆ ಹೆಚ್ಚಾಗಿದ್ದ ಬಿಡಾರ ನಮ್ಮದು. ಅಪ್ಪ ಖಡಕಿಯ ಲಷ್ಕರಿ ಕಚೇರಿಯೊಂದರಲ್ಲಿ ಗುಮಾಸ್ತ. ಬಿಜಾಪುರದ ಕಡೆಯಿಂದ ಬಂದು ಇಲ್ಲಿ ಬೇರು ಬಿಟ್ಟವನು. ದಿನಾಲೂ ಸೈಕಲ್ ತುಳಿದುಕೊಂಡು ಹೋಗಿ, ದಿನಾಲೂ ಬೆನ್ನುನೋವು ಎಂದುಕೊಂಡು ಬರುತ್ತಿದ್ದ. ಹೊಸ್ತಿಲ ಒಳಗೆ ನಮ್ಮದು ಕನ್ನಡ, ಹೊಸ್ತಿಲ ಹೊರಗೆ ಮರಾಠಿ. ಎರಡೂ ಭಾಷೆಗಳನ್ನು ನಾನು ಎಷ್ಟು ಕಲೆಸಿ ಆಡುತ್ತಿದ್ದೆನೆಂದರೆ, ವಾಡೆಯ ಮಾಲಕೀಣಬಾಯಿ ಕಾಕೂಗೆ ಅರ್ಧ ತಿಳಿಯುತ್ತಿತ್ತು, ನಮ್ಮವ್ವನಿಗೆ ಉಳಿದರ್ಧ. ನನ್ನ ಪೂರ್ತಿ ಮಾತು ತಿಳಿಯುತ್ತಿದ್ದವಳು ಒಬ್ಬಳೇ, ನನ್ನ ಗಿರಿಜತ್ತಿ.

ಗಿರಿಜತ್ತಿ ಅಪ್ಪನ ಕೊನೆಯ ತಂಗಿ. ತಂದೆತಾಯಿ ಹೋದಮೇಲೆ ನಮ್ಮ ಜೊತೆಗೇ ಇದ್ದಳು. ಆಕೆಯ ವಾರಿಗೆಯವರು ಆಗಲೇ ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು ತವರಿಗೆ ಬಂದು ಹೋಗುತ್ತಿದ್ದರು. ಗಿರಿಜತ್ತಿಗೆ ಮಾತ್ರ ಮದುವೆ ಕೂಡಿಬಂದಿರಲಿಲ್ಲ. ಕಾರಣ ಆಕೆಯ ಬಲಗೈ. ಅಂಬೆಗಾಲಿಡುವ ವಯಸ್ಸಿನಲ್ಲಿ ಒಲೆಯ ಕೆಂಡಕ್ಕೆ ಕೈ ಹಾಕಿದ್ದಳಂತೆ. ಅಂಗೈ ಉಳಿಯಿತು, ಕೊನೆಯ ಎರಡು ಬೆರಳು ಮಡಚಿಕೊಂಡು ಹಾಗೆಯೇ ನಿಂತುಬಿಟ್ಟವು. ಆ ಕೈಯಲ್ಲಿ ಆಕೆ ಮಾಡದ ಕೆಲಸವಿರಲಿಲ್ಲ. ರೊಟ್ಟಿ ಬಡಿದರೆ ಸದ್ದು ಮೂರು ಬಿಡಾರಕ್ಕೆ ಕೇಳುತ್ತಿತ್ತು. ನನ್ನ ಜಡೆ ಹೆಣೆಯುವಾಗ ಆ ಮಡಚಿದ ಬೆರಳಿಗೇ ಕೂದಲಿನ ಒಂದು ಎಳೆ ಸಿಕ್ಕಿಸಿಕೊಂಡು ಉಳಿದ ಬೆರಳುಗಳಿಂದ ಹೆಣೆಯುತ್ತಿದ್ದಳು. ಎಲ್ಲ ಅತ್ತೆಯಂದಿರ ಕೈಯಲ್ಲೂ ಇಂಥ ಒಂದು ಕೊಕ್ಕೆ ಇರುತ್ತದೆ ಎಂದೇ ನಾನು ಬಹಳ ದಿನ ತಿಳಿದಿದ್ದೆ.

ಕನ್ಯಾ ನೋಡಲು ಬರುವವರ ತಿಳಿವಳಿಕೆ ಬೇರೆಯಿತ್ತು. ಅಪ್ಪ ಇದಕ್ಕೊಂದು ಉಪಾಯ ಮಾಡಿಕೊಂಡಿದ್ದ. ಅವರು ಬಂದಾಗ ಅತ್ತಿ ಸೆರಗನ್ನು ಬಲಗೈಯ ಮೇಲೆ ಇಳಿಬಿಟ್ಟು ಕೂಡಬೇಕು, ನಮಸ್ಕಾರಕ್ಕೆ ಸೆರಗಿನೊಳಗೇ ಕೈ ಜೋಡಿಸಬೇಕು, ಚಹಾದ ತಟ್ಟೆಯನ್ನು ಅವ್ವ ತರಬೇಕು. ಅಪ್ಪ ಕೆಟ್ಟವನಲ್ಲ. ತಂಗಿಯ ಮೇಲೆ ಜೀವ ಇಟ್ಟಿದ್ದ. ಮೊದಲು ಮದುವೆಯಾಗಲಿ, ಕೈ ಆಮೇಲೆ ತಾನಾಗಿ ತಿಳಿಯಲಿ ಎಂಬುದು ಅವನ ಲೆಕ್ಕಾಚಾರ. ಆದರೆ ಬಂದವರು ಸೆರಗು ನೋಡಿ ಅನುಮಾನಪಟ್ಟು, ಆ ಮುಚ್ಚಿದ ಕೈಯೊಳಗೆ ತಮಗೆ ಗೊತ್ತಿದ್ದ ರೋಗಗಳನ್ನೆಲ್ಲ ತುಂಬಿ ಹೋಗುತ್ತಿದ್ದರು. ಒಮ್ಮೆ ಒಬ್ಬಾಕೆ ಚಹಾ ಕೂಡ ಮುಟ್ಟದೆ ಎದ್ದು ಹೋದಳು. ಯಾಕೆಂದು ನನಗೆ ಆಗ ತಿಳಿಯಲಿಲ್ಲ. ಈಗ ತಿಳಿಯುತ್ತದೆ, ಆಕೆ ಕುಷ್ಠವೆಂದು ಹೆದರಿದ್ದಳು.

ಅವ್ವನ ಹತ್ತಿರ ಅತ್ತಿ ಆಡಿದ ಮಾತು ಒಂದು ನನ್ನ ಕಿವಿಗೆ ಬಿದ್ದಿತ್ತು. ಇಬ್ಬರೂ ಜೋಳ ಹಸನು ಮಾಡುತ್ತಿದ್ದರು.

"ವೈನಿ, ಲಗ್ನಾದ ಮ್ಯಾಲೆ ಅವರು ಕೈ ನೋಡಿದರ ಏನ ಮಾಡೂದು?"

"ನೋಡ್ಲಿ ಬಿಡು. ತಾಳಿ ಬಿದ್ದ ಮ್ಯಾಲೆ ಏನ ಮಾಡ್ತಾರ?"

"ಮೋಸ ಮಾಡಿದ್ರಿ ಅಂತ ತಂದು ಬಿಟ್ಟು ಹೋಗ್ತಾರ. ಆವಾಗ ಅಣ್ಣಾ ಎಲ್ಲಿ ಮುಖಾ ಇಡಬೇಕು? ನಾ ಎಲ್ಲಿ ಇಡಬೇಕು?"

ಅವ್ವ ಮೊರ ಕೇರುವ ಸದ್ದು ಸ್ವಲ್ಪ ಜೋರಾಯಿತು.

ಇರಲಿ, ಬರ್ಫಕ್ಕೆ ಬರೋಣ. ಅಪ್ಪನ ಕಚೇರಿಯ ಸಾಹೇಬರೊಬ್ಬರು ವಿಲಾಯತಿಗೆ ಮರಳಿ ಹೋಗುವಾಗ ಹಳೆಯ ಕ್ಯಾಲೆಂಡರೊಂದನ್ನು ಬಿಟ್ಟು ಹೋಗಿದ್ದರು. ಅಪ್ಪ ಅದನ್ನು ಮನೆಗೆ ತಂದ. ತಾರೀಖು ಹಳೆಯದಾದರೂ ಚಿತ್ರ ಹೊಸದಿತ್ತಲ್ಲ! ಅದರಲ್ಲಿ ಒಂದು ಮನೆ, ಮನೆಯ ಮುಂದೆ ಎಲ್ಲೆಲ್ಲೂ ಬೆಳ್ಳಗೆ, ಆ ಬಿಳಿಯ ನಡುವೆ ಗುಂಡಗೆ ಒಬ್ಬ ಮನುಷ್ಯ. ತಲೆಗೆ ಟೊಪ್ಪಿಗೆ, ಬಾಯಲ್ಲಿ ಚುಟ್ಟಾ, ಮೂಗಿನ ಜಾಗದಲ್ಲಿ ಗಜ್ಜರಿ. ಅಲ್ಲಿ ಆಕಾಶದಿಂದ ಹಿಮ ಬೀಳುತ್ತದೆ, ಮಕ್ಕಳು ಅದನ್ನು ಕಲೆಹಾಕಿ ಮನುಷ್ಯನನ್ನು ಮಾಡುತ್ತಾರೆ ಎಂದು ಅಪ್ಪ ವಿವರಿಸಿದ. ಪೂಜೆ ಯಾವಾಗ ಮಾಡುತ್ತಾರೆ ಎಂದು ಕೇಳಿದೆ. ಪೂಜೆ ಇಲ್ಲವಂತೆ. ಎಲ್ಲಿ ಮುಳುಗಿಸುತ್ತಾರೆ ಎಂದೆ. ಮುಳುಗಿಸುವುದೂ ಇಲ್ಲವಂತೆ, ತಾನೇ ಕರಗುತ್ತಾನಂತೆ. ನೈವೇದ್ಯವಿಲ್ಲ, ಆರತಿಯಿಲ್ಲ, ಮತ್ತೆ ಯಾಕೆ ಮಾಡುತ್ತಾರೆ ಎಂದು ಕೇಳಿದರೆ ಅಪ್ಪ ಎದ್ದು ಕ್ಯಾಲೆಂಡರನ್ನು ಗೋಡೆಗೆ ತೂಗುಹಾಕಿದ. ಆದರೂ ಆ ಗಜ್ಜರಿ ಮೂಗಿನವನನ್ನು ಒಮ್ಮೆಯಾದರೂ ಮಾಡಿಯೇ ತೀರಬೇಕೆಂಬ ಹಟ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಪುಣೆಯಲ್ಲಿ ಹಿಮ ಬೀಳುವುದಿಲ್ಲ ಎಂದರೆ, ಇನ್ನೂ ಬಿದ್ದಿಲ್ಲ ಅಷ್ಟೇ ಎಂದು ನಾನು ವಾದ ಮಾಡುತ್ತಿದ್ದೆ.

ನನಗೆ ಗೊತ್ತಿದ್ದ ಗೊಂಬೆ ಮಾಡುವ ಕೆಲಸವೆಂದರೆ ಮಣ್ಣೆತ್ತಿನ ಅಮಾವಾಸ್ಯೆಯದು. ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ: ಮಳೆಗಾಲ ಹಿಡಿದಮೇಲೆ ಬರುವ ಆ ಅಮಾವಾಸ್ಯೆಗೆ ಮನೆಮನೆಯಲ್ಲೂ ಎರೆಮಣ್ಣಿನಿಂದ ಎತ್ತು ಮಾಡಿ ಪೂಜಿಸುತ್ತೇವೆ. ಎತ್ತು ಯಾವಾಗಲೂ ಜೋಡಿ. ನೊಗಕ್ಕೆ ಒಂದೇ ಎತ್ತು ಹೂಡಲು ಬರುವುದಿಲ್ಲ, ಹಾಗೆಯೇ ದೇವರ ಮುಂದೆಯೂ ಒಂದೇ ಎತ್ತನ್ನು ಇಡಬಾರದು. ಒಂದು ಮಾಡಿ ಇನ್ನೊಂದು ಮಾಡದೆ ಎದ್ದರೆ ಮನೆಗೆ ಒಳ್ಳೆಯದಲ್ಲ ಎಂದು ಹಿರಿಯರು ಬೈಯುತ್ತಾರೆ. ಪುಣೆಗೆ ಬಂದರೂ ನಮ್ಮವರು ಇದನ್ನು ಬಿಟ್ಟಿರಲಿಲ್ಲ. ಅತ್ತಿ ಕುಂಬಾರರಿಂದ ಮಣ್ಣು ತರಿಸಿ ಎತ್ತು ಮಾಡಿದರೆ ಅಕ್ಕಪಕ್ಕದ ಪೇಠೆಯ ಕನ್ನಡದವರೂ ನಮಗೊಂದು ಜೋಡಿ ಮಾಡಿಕೊಡು ಎಂದು ಬರುತ್ತಿದ್ದರು. ನಾನು ಮಾಡಿದ ಎತ್ತುಗಳು ಪ್ರತಿವರ್ಷವೂ ಇಲಿಯಂತೆ ಆಗುತ್ತಿದ್ದವು. ಕೋಡು ಇಟ್ಟರೆ ಕೋಡಿರುವ ಇಲಿ. ಅಪ್ಪ ಅವನ್ನು ನೋಡಿ, ಗಣಪತಿ ಹಬ್ಬದವರೆಗೆ ಎತ್ತಿಡು, ವಾಹನಕ್ಕೆ ಆಗುತ್ತವೆ ಎನ್ನುತ್ತಿದ್ದ.

ಆ ವರ್ಷ ನಡುಬೇಸಿಗೆಯಲ್ಲಿ ಅತ್ತಿಯನ್ನು ನೋಡಲು ಇನ್ನೊಂದು ಮನೆಯವರು ಬರುವುದೆಂದು ಗೊತ್ತಾಯಿತು. ಭವಾನಿ ಪೇಠೆಯಲ್ಲಿ ಬೆಲ್ಲದ ವ್ಯಾಪಾರ ಮಾಡುವ ಸಂಗಪ್ಪನವರು. ಅವರೂ ಬಿಜಾಪುರದ ಕಡೆಯವರೇ. ಮಗನಿಗಾಗಿ ಹೆಣ್ಣು ನೋಡುತ್ತಿದ್ದರು. ಹೆಂಡತಿ ಇಲ್ಲದ್ದರಿಂದ ಲಗ್ನವಾದ ಮಗಳು ನೀಲವ್ವನನ್ನು ಕರೆದುಕೊಂಡು ಬರುವವರಿದ್ದರು. ಒಳ್ಳೆಯ ಮನೆತನ. ಅಪ್ಪ ಅವತ್ತು ರಜೆ ಹಾಕಿ, ಬೆಳಗಿನಿಂದ ಸೆರಗಿನ ಪಾಠವನ್ನು ಗಿರಿಜತ್ತಿಗೆ ಮತ್ತೆ ಮತ್ತೆ ಹೇಳಿಕೊಟ್ಟ. ಅತ್ತಿ ಹೂಂ ಎನ್ನುತ್ತಿದ್ದಳು, ಅಪ್ಪನ ಮುಖ ನೋಡುತ್ತಿರಲಿಲ್ಲ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಮೋಡ ಕವಿಯಿತು. ಗಾಳಿ ಬೀಸಿ ವಾಡೆಯ ದೊಡ್ಡ ಬಾಗಿಲು ದಡಾರೆಂದು ಬಡಿಯಿತು. ಆಮೇಲೆ ಹೆಂಚಿನ ಮೇಲೆ ಯಾರೋ ಹುರಿಗಡಲೆಯ ಚೀಲ ಬಿಚ್ಚಿ ಸುರಿದಂತೆ ಸದ್ದು. ಮಾಳಿಗೆಯ ಹುಡುಗರು "ಗಾರಾ! ಗಾರಾ!" ಎಂದು ಕೂಗುತ್ತ ಇಳಿದು ಬಂದರು. ಅದು ಮರಾಠಿಯ ಹೆಸರು. ನಮ್ಮ ಮನೆಯಲ್ಲಿ ಆಣಿಕಲ್ಲು ಎನ್ನುತ್ತೇವೆ. ಪುಸ್ತಕದಲ್ಲಿ ಆಲಿಕಲ್ಲು. ಯಾವ ಹೆಸರಿನಿಂದ ಕರೆದರೂ ತಲೆಗೆ ಬಿದ್ದರೆ ಒಂದೇ ನೋವು. ಹಿಂದೆಯೂ ಬಿದ್ದದ್ದನ್ನು ನೋಡಿದ್ದೆ, ನಾಲ್ಕು ಕಲ್ಲು ಬಿದ್ದು ಮುಗಿಯುತ್ತಿತ್ತು. ಆ ದಿನ ಮುಗಿಯಲೇ ಇಲ್ಲ. ನೋಡನೋಡುತ್ತ ಅಂಗಳವೆಲ್ಲ ಬೆಳ್ಳಗಾಯಿತು, ತುಳಸಿಕಟ್ಟೆಯ ಮೆಟ್ಟಿಲು ಕಾಣದಾಯಿತು. ಮಳೆ ನಿಂತಾಗ ನಮ್ಮ ಕತ್ತಲೆ ಬಿಡಾರದ ಒಳಗೆ ಅಂಗಳದ ಬೆಳಕು ಬಂದು ಬಿದ್ದಿತ್ತು. ಕ್ಯಾಲೆಂಡರಿನ ಚಿತ್ರ ಗೋಡೆಯಿಂದ ಇಳಿದು ಬಂದಿತ್ತು ಎಂದರೆ ನೀವು ನಂಬಬೇಕು.

ನಾನು ಮೊದಲು ಓಡಿದ್ದು ಅಡಿಗೆಮನೆಗೆ, ಗಜ್ಜರಿ ಹುಡುಕಲು. ಬೇಸಿಗೆಯಲ್ಲಿ ಗಜ್ಜರಿ ಎಲ್ಲಿಂದ ಬರಬೇಕು? ಸಿಕ್ಕಿದ್ದು ಅವ್ವ ಊರಿನಿಂದ ತರಿಸಿಟ್ಟಿದ್ದ ಬ್ಯಾಡಗಿ ಮೆಣಸಿನಕಾಯಿ. ಒಂದು ಹಿಡಿ ಎತ್ತಿಕೊಂಡು ಅಂಗಳಕ್ಕೆ ಬಂದೆ. ನೋಡಿದರೆ ಗಿರಿಜತ್ತಿ ಆಗಲೇ ಅಲ್ಲಿದ್ದಳು. ಇಳಕಲ್ಲ ಸೀರೆಯ ನಿರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಬರಿಗಾಲಲ್ಲಿ ಆ ಬಿಳಿಯ ನಡುವೆ ಕುಕ್ಕರುಗಾಲಲ್ಲಿ ಕೂತಿದ್ದಳು. ಸೆರಗು ಎಲ್ಲಿತ್ತೋ, ಅಪ್ಪನ ಪಾಠ ಎಲ್ಲಿತ್ತೋ.

"ಅತ್ತಿ, ಮನಿಶ್ಯಾನ ಮಾಡೂಣು! ಮೂಗಿಗೆ ಮೆಣಸಿನಕಾಯಿ ತಂದೀನಿ."

"ಮನಿಶ್ಯಾ ಯಾಕ? ಬ್ಯಾಡಂದ್ರೂ ಬರಾಕತ್ತಾರ ಈಗ ಇಬ್ಬರು," ಎಂದು ಅತ್ತಿ ನಕ್ಕಳು. "ಎತ್ತ ಮಾಡೂಣು."

ಎರಡೂ ಕೈಯಿಂದ ಆಲಿಕಲ್ಲು ಬಾಚಿ ಒತ್ತಿದಳು. ಮೊದಮೊದಲು ಪುಡಿಪುಡಿಯಾಗಿ ಉದುರಿತು. ಅಂಗೈ ಬಿಸಿಗೆ ಸ್ವಲ್ಪ ಕರಗಿತೆಂದರೆ ಒಂದಕ್ಕೊಂದು ಕಚ್ಚಿಕೊಳ್ಳುತ್ತಿತ್ತು. ಹೊಟ್ಟೆ ಬಂತು, ಕುತ್ತಿಗೆ ಬಂತು, ಕತ್ತಿನ ಕೆಳಗಿನ ಇಳಿದೊಗಲು ಕೂಡ ಬಂತು. ಆಮೇಲೆ ಮಡಚಿದ ಆ ಎರಡು ಬೆರಳನ್ನು ಬೆನ್ನಿನ ಮೇಲಿಟ್ಟು ಕೈಯನ್ನು ಸುತ್ತ ತಿರುಗಿಸಿದಳು. ಎತ್ತಿನ ಡುಬ್ಬ ಗುಂಡಗೆ ಎದ್ದು ನಿಂತಿತು. ಅಷ್ಟು ಚೆಂದದ ಡುಬ್ಬ ನೇರ ಬೆರಳಿನವರಿಗೆ ಯಾರಿಗೂ ಬರುವುದಿಲ್ಲ. ಮೂಗಿಗೆಂದು ತಂದ ಮೆಣಸಿನಕಾಯಿ ಕೋಡಾದವು, ಅವು ಮೊದಲೇ ಬಾಗಿದ್ದವು. ಮಣ್ಣೆತ್ತಿಗೆಂದು ಎತ್ತಿಟ್ಟಿದ್ದ ಗುಲಗಂಜಿಯನ್ನೇ ಕಣ್ಣಿಗೆ ಇಟ್ಟಳು. ಕೈಯೆಲ್ಲ ಕೆಂಪಾಗಿ ಮರಗಟ್ಟಿದರೂ ಆಕೆಯ ಮುಖದಲ್ಲಿ ನಾನು ಯಾವತ್ತೂ ಕಾಣದ ಒಂದು ಹುಡುಗಾಟಿಕೆಯಿತ್ತು. ಆ ಗಳಿಗೆಯಲ್ಲಿ ಆಕೆಗೆ ಅಣ್ಣನೂ ಇರಲಿಲ್ಲ, ಕನ್ಯಾ ನೋಡುವವರೂ ಇರಲಿಲ್ಲ. ಇದ್ದದ್ದು ಆಕೆ ಮತ್ತು ಎತ್ತು ಮಾತ್ರ. ನಾನೂ ಇದ್ದೆ ಎಂದು ಹೇಳಿಕೊಳ್ಳಲು ಆಸೆ, ಆದರೆ ನಾನು ಅಲ್ಲಿ ಆಲಿಕಲ್ಲು ತಿನ್ನುತ್ತಿದ್ದೆ.

"ಟಾಂಗಾ ಬಂತು!" ಎಂದು ಅಪ್ಪ ಬಾಗಿಲಿನಿಂದಲೇ ಕೂಗಿದ. ಅವ್ವ ಓಡಿ ಬಂದು ಅತ್ತಿಯ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋದಳು. ಎತ್ತು ಅಂಗಳದಲ್ಲಿ ಒಂಟಿಯಾಗಿ ನಿಂತಿತು.

ಸಂಗಪ್ಪನವರು ದೊಡ್ಡ ರುಮಾಲಿನ, ದೊಡ್ಡ ದನಿಯ ಮನುಷ್ಯ. ಧೋತರ ಮೊಣಕಾಲವರೆಗೆ ತೊಯ್ದಿತ್ತು. "ಏನ ಮಳಿರೀ ಇದು! ಕುದುರಿ ಒಂದ ಹೆಜ್ಜಿ ಮುಂದ ಇಡವಲ್ದು," ಎಂದು ನಗುತ್ತ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತರು. ನೀಲವ್ವ ನಗಲಿಲ್ಲ. ಆಕೆಯ ಕಣ್ಣು ಮೊದಲು ನಮ್ಮ ಜಂತೆ, ಆಮೇಲೆ ನಮ್ಮ ಪಾತ್ರೆ, ಆಮೇಲೆ ಬಾಗಿಲಲ್ಲಿ ಕಾಣಿಸಿಕೊಂಡ ಅತ್ತಿಯ ಸೆರಗಿನ ಮೇಲೆ ಹೋಗಿ ನಿಂತಿತು. ಅತ್ತಿ ಪಾಠದಲ್ಲಿ ಹೇಳಿದಂತೆಯೇ ಕೂತಿದ್ದಳು. ಕೈ ಕಾಣುತ್ತಿರಲಿಲ್ಲ. ತಲೆ ಎಷ್ಟು ತಗ್ಗಿತ್ತೆಂದರೆ ಮುಖವೂ ಕಾಣುತ್ತಿರಲಿಲ್ಲ.

"ಹೆಸರೇನವಾ?" ಎಂದು ನೀಲವ್ವ ಕೇಳಿದಳು.

"ಗಿರಿಜಾ."

"ರೊಟ್ಟಿ ಬಡೀತೀಯೇನು?"

"ಹೌದ್ರಿ."

ನೀಲವ್ವ ಸ್ವಲ್ಪ ಮುಂದೆ ಸರಿದಳು. ಕೈ ತೋರಿಸು ಎಂದು ಇನ್ನೇನು ಕೇಳುತ್ತಾಳೆ ಎಂದು ನನ್ನಂಥ ಮೊದ್ದುಮಣಿಗೂ ತಿಳಿಯಿತು. ಅಪ್ಪ ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಅಂಗಳದ ಕಡೆ ಮುಖ ಮಾಡಿ ಕೂತಿದ್ದ ಸಂಗಪ್ಪನವರು ಒಮ್ಮೆಲೇ ದೊಡ್ಡ ದನಿ ತೆಗೆದರು.

"ಅಲ್ರೀ, ಅಲ್ಲಿ ಒಂಟೆತ್ತ ನಿಂತದಲ್ಲ! ಯಾರ ಮಾಡಿದ್ದು?"

 ಅವ್ವ ನನ್ನ ಕಡೆ ನೋಡಿ ಕಣ್ಣು ಹಿಗ್ಗಿಸಿದಳು. ಅದರ ಅರ್ಥ ನನಗೆ ತಕ್ಷಣ ಆಯಿತು. ಆಗಬಾರದ್ದೆಲ್ಲ ನನಗೆ ತಕ್ಷಣವೇ ಆಗುತ್ತದೆ. ಎದ್ದುನಿಂತು "ನಾನ್ರಿ" ಎಂದೆ.

ಸಂಗಪ್ಪನವರು ಎತ್ತನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಎತ್ತನ್ನು ನೋಡಿದರು. "ಶಾಬಾಸ್! ಆದ್ರ ಒಂದ ಮಾಡಿ ಬಿಡಬಾರದವಾ. ಹೋಗು, ಜೋಡಿ ಮಾಡು. ನಾ ನೋಡ್ತೀನಿ."

ನನ್ನ ಪರಿಸ್ಥಿತಿ ಏನಾಗಿರಬೇಕು ನೀವೇ ಊಹಿಸಿ. ಅಂಗಳಕ್ಕೆ ಇಳಿದೆ. ಬಾಚಿದೆ, ಒತ್ತಿದೆ, ತಟ್ಟಿದೆ. ಇಲಿ ಬಂತು. ಸಂಗಪ್ಪನವರು ಬಂದು ನನ್ನ ಪಕ್ಕದಲ್ಲಿ ನಿಂತರು. "ಹಿಂಗಲ್ಲವಾ, ಸರೀ ಇತ್ಲಾಗ," ಎಂದು ಧೋತರ ಎತ್ತಿ ಕಟ್ಟಿ ತಾವೇ ಕೂತರು. ಅವರ ಕೈಯಲ್ಲಿ ನನ್ನ ಇಲಿ ಹೋಗಿ ಕುಂಬಳಕಾಯಿ ಬಂತು. "ನಮ್ಮ ಮನ್ಯಾಗ ಎಲ್ಲಾ ಈ ನೀಲವ್ವನ ತಾಯೀನ ಮಾಡತಿದ್ಲು. ಆಕಿ ಹೋದ ಮ್ಯಾಲೆ ಪ್ಯಾಟ್ಯಾಗಿಂದ ತರತೇವು. ಕೈಗೆ ರೂಢಿ ಇಲ್ಲ," ಎಂದು ಯಾರಿಗೋ ಹೇಳಿಕೊಂಡಂತೆ ಅಂದರು. ಆ ದೊಡ್ಡ ದನಿ ಆಗ ಸಣ್ಣದಾಗಿತ್ತು.

ಪಡಸಾಲೆಯ ಅಂಚಿನಲ್ಲಿ ಬಳೆ ಸದ್ದಾಯಿತು. ಗಿರಿಜತ್ತಿ ಎದ್ದು ನಿಂತಿದ್ದಳು.

"ಗಿರಿಜಾ, ಕೂಡು," ಎಂದಳು ಅವ್ವ, ಹಲ್ಲು ಬಿಗಿಹಿಡಿದು.

"ಒಂಟೆತ್ತ ಬಿಡಬಾರದು ವೈನಿ."

ಮೆಟ್ಟಿಲು ಇಳಿದು ಬಂದಳು. ನಮ್ಮ ಎದುರಿಗೆ ಕೂತಳು. ಬಲಗೈಯ ಮೇಲಿನ ಸೆರಗನ್ನು ಎಡಗೈಯಿಂದ ತೆಗೆದು ಹೆಗಲ ಮೇಲೆ ಹಾಕಿ ಸೊಂಟಕ್ಕೆ ಬಿಗಿದಳು. ಕುಂಬಳಕಾಯಿಯನ್ನು ತನ್ನ ಕಡೆ ಎಳೆದುಕೊಂಡು ಎರಡು ಕೈಯಿಂದ ಒತ್ತತೊಡಗಿದಳು. ಯಾರ ಕಡೆಗೂ ನೋಡಲಿಲ್ಲ, ಅವಸರವನ್ನೂ ಮಾಡಲಿಲ್ಲ.  ಅಷ್ಟು ಹೊತ್ತು ಸಂಗಪ್ಪನವರು ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ನೋಡುತ್ತಿದ್ದರು.

"ಕೈಗೆ ಏನಾಗ್ಯದ?" ಎಂದು ನೀಲವ್ವ ಪಡಸಾಲೆಯಿಂದ ಕೇಳಿದಳು.

"ಅದೇನಿಲ್ರೀ, ಸಣ್ಣ..." ಎಂದು ಅಪ್ಪ ಶುರುಮಾಡಿದ.

"ಸಣ್ಣಾಕಿ ಇದ್ದಾಗ ಕೆಂಡಕ್ಕ ಕೈ ಹಾಕಿದ್ದೆ ಅಕ್ಕಾರ," ಎಂದಳು ಅತ್ತಿ. "ಎರಡು ಬೆರಳ ಮಡಚ್ಯಾವ, ಬಿಚ್ಚೂದಿಲ್ಲ. ಬ್ಯಾರೆ ಏನೂ ಇಲ್ಲ. ನೋಡ್ರಿ."

ಕೈಯನ್ನು ಎತ್ತಿ ಹಿಡಿದಳು. ಆಲಿಕಲ್ಲಿನ ನೀರು ಮೊಣಕೈಯವರೆಗೆ ಇಳಿಯುತ್ತಿತ್ತು. ಬೆರಳುಗಳು ತಂಪಿಗೆ ದಾಸವಾಳದ ಹಾಗೆ ಕೆಂಪಾಗಿದ್ದವು. ನೋಡಲು ಬಂದವರ ಮುಂದೆ ಅತ್ತಿ ತನ್ನ ಬಗ್ಗೆ ಅಷ್ಟು ಮಾತು ಆಡಿದ್ದು ಅದೇ ಮೊದಲು. ಅಪ್ಪ ತಲೆಯ ಮೇಲೆ ಕೈಯಿಟ್ಟುಕೊಂಡ. ನನಗೆ ಅತ್ತಿಯ ಮೇಲೆ ಸಿಟ್ಟು ಬಂತು. ಎಲ್ಲ ಮರೆತುಬಿಟ್ಟಳಲ್ಲ, ಎತ್ತಿನ ಹುಚ್ಚಿನಲ್ಲಿ ಸೆರಗಿನ ಪಾಠವೇ ಮರೆತುಬಿಟ್ಟಳಲ್ಲ ಎಂದು.

ಅತ್ತಿ ಕೈ ಇಳಿಸಿ, ಬೆರಳನ್ನು ಎತ್ತಿನ ಬೆನ್ನ ಮೇಲಿಟ್ಟು ತಿರುಗಿಸಿದಳು. ಸಂಗಪ್ಪನವರು ಬಗ್ಗಿ ನೋಡಿದರು.

"ಹಂಗಾರ ಡುಬ್ಬಾ ಅಷ್ಟು ಚಂದ ಬರೂದು ಅದಕ್ಕ," ಎಂದರು. ಅಷ್ಟೇ ಅಂದರು. ಆಮೇಲೆ ನನ್ನ ಕೈಯಲ್ಲಿ ಉಳಿದಿದ್ದ ಮೆಣಸಿನಕಾಯಿ ಇಸಿದುಕೊಂಡು ತಾವೇ ಕೋಡು ಚುಚ್ಚಿದರು.

ಮಾಲಕೀಣಬಾಯಿ ಕಾಕೂ ಮಾಳಿಗೆಯಿಂದ ಇಳಿದು ಬಂದವಳು "ಅಗಬಾಯಿ! ಭರ ಉನ್ಹಾಳ್ಯಾತ ಪೋಳಾ?" ಎಂದು ಗಲ್ಲಕ್ಕೆ ಬೆರಳಿಟ್ಟಳು. ಅವರ ಕಡೆ ಎತ್ತಿನ ಹಬ್ಬಕ್ಕೆ ಪೋಳಾ ಎನ್ನುತ್ತಾರೆ, ಅದು ಬರುವುದು ಶ್ರಾವಣದ ಕೊನೆಗೆ. ನಡುಬೇಸಿಗೆಯಲ್ಲಿ ಕಂಡರೂ ಎತ್ತು ಎತ್ತೇ ಎಂದು ಒಳಗೆ ಹೋಗಿ ಅರಿಸಿನ ಕುಂಕುಮ ತಂದು ಎರಡರ ಹಣೆಗೂ ಹಚ್ಚಿದಳು. ಸಂಗಪ್ಪನವರು ಎದ್ದುನಿಂತು ಕೈ ಮುಗಿದರು. ಅವರು ಮುಗಿದಮೇಲೆ ಅಪ್ಪನೂ ಮುಗಿಯಬೇಕಾಯಿತು. ಚಹಾದ ತಟ್ಟೆಯನ್ನು ಅವತ್ತು ಅತ್ತಿಯೇ ತಂದಳು. ನೀಲವ್ವ ಲೋಟ ತೆಗೆದುಕೊಂಡು, ಅರ್ಧ ಕುಡಿದು ಕೆಳಗಿಟ್ಟಳು. ತಿಳಿಸುತ್ತೇವೆ ಎಂದು ಹೇಳಿ ಹೊರಟರು.

ಅವರ ಟಾಂಗಾ ತಿರುವು ದಾಟುವಷ್ಟರಲ್ಲಿ ಎತ್ತುಗಳ ಕಾಲು ಕರಗಿದ್ದವು. ಸಂಜೆಯ ಹೊತ್ತಿಗೆ ಎರಡು ಬಿಳಿಯ ಗುಪ್ಪೆ, ಆಮೇಲೆ ಕುಂಕುಮದ ನೀರು. ಪೂಜೆಯಾದದ್ದು ಮೋರಿಗೆ ಹೋಗಬಾರದೆಂದು ಅವ್ವ ಬೈಯುತ್ತಲೇ ಆ ನೀರನ್ನು ತಂಬಿಗೆಯಲ್ಲಿ ತುಂಬಿ ತುಳಸಿಗೆ ಹಾಕಿದಳು. ಮೆಣಸಿನಕಾಯಿಗಳನ್ನು ಆರಿಸಿ ತೊಳೆದು ಬಿಸಿಲಿಗಿಟ್ಟಳು. ದೇವರ ಕೋಡಾಗಿದ್ದ ಅವು ಮರುವಾರ ನಮ್ಮ ಸಾರಿಗೆ ಬಿದ್ದವು. ಆ ಸಾರು ಖಾರವಾಗಿತ್ತು ಎಂಬುದು ಬಿಟ್ಟರೆ ಅದರಲ್ಲಿ ಬೇರೆ ವಿಶೇಷ ಕಾಣಲಿಲ್ಲ.

ಮುಂದಿನದು ನಾನು ಊಹಿಸಿದಂತೆ ಆಗಲಿಲ್ಲ. ನೀವು ಊಹಿಸಿದಂತೆಯೂ ಆಗಿರಲಾರದು. ಎತ್ತಿಗೆ ಕೋಡು ಚುಚ್ಚಿದ ಮುದುಕರು ಅತ್ತಿಯನ್ನು ಸೊಸೆ ಮಾಡಿಕೊಂಡೇ ಮಾಡಿಕೊಳ್ಳುತ್ತಾರೆ ಎಂದು ನಾನು ಎಲ್ಲರಿಗೂ ಸಾರಿ ಬಂದಿದ್ದೆ. ಕೂಟ ಹೊಂದಲಿಲ್ಲ ಎಂದು ಹೇಳಿ ಕಳಿಸಿದರು. ಹಿರಿಯರಿಗೆ ಮನಸ್ಸಿತ್ತು, ಮಗಳು ಒಪ್ಪಲಿಲ್ಲ ಎಂದು ಹೇಳಲು ಬಂದವರೇ ಮೆಲ್ಲಗೆ ತಿಳಿಸಿದರು. ಅಪ್ಪ ಅವತ್ತು ಊಟಕ್ಕೆ ಏಳಲಿಲ್ಲ. ಅತ್ತಿಯನ್ನು ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅತ್ತಿಯೇ ತಟ್ಟೆ ತಂದು ಅವನ ಮುಂದಿಟ್ಟಳು.

"ಅಣ್ಣಾ, ಮದಲ ಬಂದವರೆಲ್ಲಾ ಸೆರಗ ನೋಡಿ ಒಲ್ಲೆ ಅಂದ್ರು. ಇವರು ಕೈ ನೋಡಿ ಒಲ್ಲೆ ಅಂದ್ರು. ನಂಗ ಇದು ಭಾಳ ಹಗರ ಅನಸ್ತದ. ಉಣ್ಣು."

ಅಪ್ಪ ರೊಟ್ಟಿ ಮುರಿದ. ಅವನ ಕಣ್ಣಲ್ಲಿ ನೀರು ಕಂಡದ್ದು ನನಗೆ ಅದೇ ಮೊದಲು. ಸಾರಿನ ಖಾರ ಎಂದ.

ಮಳೆ ಹಿಡಿದು ಮಣ್ಣೆತ್ತಿನ ಅಮಾವಾಸ್ಯೆ ಬಂದಾಗ ಭವಾನಿ ಪೇಠೆಯಿಂದ ಹಮಾಲನೊಬ್ಬ ಬೆಲ್ಲದ ಪೆಂಟೆಯೊಂದನ್ನು ಹೊತ್ತು ತಂದ. ಎತ್ತಿನ ನೈವೇದ್ಯಕ್ಕೆ ಎಂದು ಸಂಗಪ್ಪನವರು ಹೇಳಿ ಕಳಿಸಿದ್ದರು. ಹುಡುಗಿ ಬೇಡ, ಬೆಲ್ಲ ಮಾತ್ರ ಯಾಕೆ ಎಂದು ಅವ್ವ ಸಿಡಿದಳು. ಅಪ್ಪ ಮರಳಿ ಕಳಿಸೋಣ ಎಂದ. ಅತ್ತಿ ಅಷ್ಟರಲ್ಲಿ ಪೆಂಟೆ ಒಡೆದು ಕಡಬಿಗೆ ಹೂರಣ ಕಟ್ಟುತ್ತಿದ್ದಳು. ಎತ್ತು ಬೇರೆ, ಲಗ್ನ ಬೇರೆ ಎಂದಳು. ನಾನು ಆ ಮುದುಕರ ಮೇಲೆ ಬಹಳ ವರ್ಷ ಸಿಟ್ಟಿಟ್ಟುಕೊಂಡಿದ್ದೆ, ಕಡಬು ತಿನ್ನುವಾಗ ಮಾತ್ರ ಅದು ನೆನಪಿಗೆ ಬರುತ್ತಿರಲಿಲ್ಲ.

ಅತ್ತಿ ಮತ್ತೆ ಯಾರ ಮುಂದೆಯೂ ಸೆರಗು ಇಳಿಬಿಡಲಿಲ್ಲ. ಮುಂದೆ ಮಿರಜಿನ ಶಾಲಾ ಮಾಸ್ತರರೊಬ್ಬರು ನೋಡಲು ಬಂದಾಗ ಉಪ್ಪಿಟ್ಟಿನ ತಟ್ಟೆಯನ್ನು ಆ ಕೈಯಿಂದಲೇ ಅವರ ಮುಂದಿಟ್ಟಳು. ಅವರ ಕಣ್ಣು ಒಮ್ಮೆ ಕೈಯ ಮೇಲೆ ನಿಂತಿತು. ಆಮೇಲೆ ತಟ್ಟೆಗೆ ಇಳಿಯಿತು. ತಿಂದು ಮುಗಿಸಿ, ಇನ್ನೂ ಸ್ವಲ್ಪ ಸಿಗಬಹುದೇ ಎಂದು ಅತ್ತಿಯನ್ನೇ ಕೇಳಿದರು. ಆ ಮಾಸ್ತರರ ಮನೆಯಲ್ಲಿ ಅತ್ತಿ ಸುಖವಾಗಿದ್ದಾಳೆ. ಜಗಳವೂ ಆಡುತ್ತಾಳೆ, ಅದು ಸುಖದ ಒಳಗೇ ಸೇರಿದ್ದು.

ಈಗ ನಿಮಗೆ ಗೊತ್ತಾಗಿರಬೇಕು, ಕಳೆದ ಬೇಸಿಗೆಯ ಮದುವೆ ಯಾರ ಮಗಳದೆಂದು.

ನಾನು ಗೋಣಿಯ ಮುಂದೆ ಕೂತಿದ್ದಾಗ ಗಿರಿಜತ್ತಿಯೇ ನನ್ನನ್ನು ಹುಡುಕಿಕೊಂಡು ಬಂದಳು. ಮದುಮಗಳ ತಾಯಿ, ರೇಷ್ಮೆ ಸೀರೆ, ಹಣೆಯಲ್ಲಿ ಬೆವರು.

"ಇಲ್ಲಿ ಏನ ಮಾಡಾಕತ್ತೀಯ ಶಾಂತಿ? ಅಲ್ಲಿ ಉಡಿ ತುಂಬೂ ಹೊತ್ತಾತು."

"ಬರ್ಫ ಕಾಯಾಕತ್ತೀನಿ," ಎಂದೆ.

ಅತ್ತಿ ನಕ್ಕು ನನ್ನ ಪಕ್ಕದಲ್ಲಿ ಕುಕ್ಕರಿಸಿದಳು. ಶರಬತ್ತಿಗೆಂದು ಒಡೆದಾಗ ಉದುರಿದ ಬರ್ಫದ ಪುಡಿ ಹಿತ್ತಾಳೆಯ ಪರಾತದಲ್ಲಿ ಬಿದ್ದಿತ್ತು. ಆಕೆಯ ಕೈ ತಾನಾಗಿ ಅದರೊಳಗೆ ಹೋಯಿತು. ಬಾಚಿತು, ಒತ್ತಿತು. ನಾನು ಇಷ್ಟು ವರ್ಷ ಮನಸ್ಸಿನಲ್ಲಿಟ್ಟುಕೊಂಡಿದ್ದನ್ನು ಕೇಳಿಯೇಬಿಟ್ಟೆ.

"ಅತ್ತಿ, ಅವತ್ತ ಸಂಗಪ್ಪನೋರು ಬಂದಾಗ ನೀ ಕೈ ಹೊರಗ ತಗದ್ಯಲ್ಲ, ಮರತು ತಗದ್ಯೋ, ಬೇಕಂತ ತಗದ್ಯೋ?"

ಅತ್ತಿ ಮಡಚಿದ ಎರಡು ಬೆರಳನ್ನು ಬರ್ಫದ ಮೇಲಿಟ್ಟು ತಿರುಗಿಸಿದಳು. ಪುಟ್ಟ ಡುಬ್ಬ ಎದ್ದು ನಿಂತಿತು.

"ಒಂದನೇ ಎತ್ತ ಮಾಡೂ ಮುಂದ ಮರತಿದ್ದೆ," ಎಂದಳು. "ಎರಡನೇದು ಬೇಕಂತನ ಮಾಡಿದೆ."

ಒಳಗಿನಿಂದ ಯಾರೋ ಕೂಗಿದರು. ಅತ್ತಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಎದ್ದು ಮಗಳ ಉಡಿ ತುಂಬಲು ಹೋದಳು. ಪರಾತದಲ್ಲಿ ಎತ್ತು ಒಂಟಿಯಾಗಿ ನಿಂತಿತ್ತು. ಹಾಗೇ ಬಿಟ್ಟು ಏಳಲು ನನಗೆ ಮನಸ್ಸಾಗಲಿಲ್ಲ. ಬರ್ಫದ ಪುಡಿ ಬಾಚಿ ಒತ್ತಿ, ತಟ್ಟಿ, ಅದರ ಪಕ್ಕದಲ್ಲಿ ನಿಲ್ಲಿಸಿದೆ. ಇಲಿಯೇ ಬಂತು. ಆದರೂ ಜೋಡಿಯಾಯಿತು.